ಬಿಲ್ಲು ತಡೆದರೆ ದೋಷ ಯಾರದು? ಸಾದಾ ಕಡತಗಳಲ್ಲಿ ಎಪಿಐ ಪರೀಕ್ಷೆ

ಇಳಕಲ್ಲಿನಲ್ಲಿ ಗ್ರಾನೈಟ್ ಚಪ್ಪಡಿಗಳನ್ನು ಹೇರಿಕೊಂಡು ನಿಂತ ಲಾರಿಯು ಇ-ವೇ ಬಿಲ್ಲು ಕೈಸೇರುವತನಕ ಕದಲುವಂತಿಲ್ಲ. 50,000 ರೂಪಾಯಿ ಮೀರಿದ ಸರಕಿನ ಅಂತರರಾಜ್ಯ ಸಾಗಣೆಗೆ ಈ ಬಿಲ್ಲು 2018ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕವೆಂಬುದು ವರ್ತಕ ಬಾಂಧವರಿಗೆ ತಿಳಿದ ಸಂಗತಿಯೇ ಆಗಿದೆ. ಇದರ ಬೆನ್ನಲ್ಲೇ ಇ-ಇನ್‌ವಾಯ್ಸ್ ಬಂದಿತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಮಾತ್ರ ಇದ್ದ ನಿಯಮವು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, 2022ರ ಅಕ್ಟೋಬರ್‌ನಲ್ಲಿ 10 ಕೋಟಿಗೂ, 2023ರ ಆಗಸ್ಟ್ 1ರಿಂದ 5 ಕೋಟಿಗೂ ಬಂದು ನಿಂತಿತು. ಹೀಗಾಗಿ ಒಂದು ಕಾಲದಲ್ಲಿ ಬೆಂಗಳೂರು, ಮುಂಬೈಗಳ ದೊಡ್ಡ ಕಂಪನಿಗಳ ತಲೆನೋವಾಗಿದ್ದ ವಿಷಯವು ಇಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮಧ್ಯಮ ವರ್ತಕರ ಮೇಜಿನ ಮೇಲೆಯೂ ಕುಳಿತಿದೆ.

ತುಳಸಿಗೇರಿ ಮತ್ತು ಕಲಾದಗಿ ಭಾಗದ ತಾಜಾ ದಾಳಿಂಬೆ, ಚಿಕ್ಕುಗಳಿಗೆ ತೆರಿಗೆಯಿಲ್ಲವೆಂಬುದು ನಿಜ. ಆದರೆ ಆ ತೋಟಗಳಿಗೆ ಹನಿ ನೀರಾವರಿಯ ಪೈಪು, ಗೊಬ್ಬರ, ಔಷಧ, ಹಣ್ಣು ತುಂಬುವ ರಟ್ಟಿನ ಪೆಟ್ಟಿಗೆಗಳನ್ನು ಪೂರೈಸುವ ವ್ಯಾಪಾರವೆಲ್ಲ ತೆರಿಗೆಯ ವ್ಯಾಪ್ತಿಯಲ್ಲಿಯೇ ಇದೆ. ಇಂತಹ ಊರುಗಳಲ್ಲಿ ಬಿಲ್ಲಿನ ತಂತ್ರಾಂಶವು ಕೈಕೊಟ್ಟರೆ ಅದನ್ನು ಸರಿಪಡಿಸುವವನು ಬಾಗಲಕೋಟೆಯಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕು, ಇಲ್ಲವೇ ದೂರವಾಣಿಯಲ್ಲಿ ಸಿಗಬೇಕು. ಸಿಕ್ಕಾಗ ಆತ ಹೇಳುವ ಮೊದಲ ಮಾತು ಬಹುತೇಕ ಒಂದೇ: ‘ನಮ್ಮ ಕಡೆ ಎಲ್ಲಾ ಸರಿ ಅದರಿ, ಪೋರ್ಟಲ್ಲಿನದೇ ತೊಂದರಿ.’ ಪೋರ್ಟಲ್ಲಿನ ಸಹಾಯವಾಣಿಯನ್ನು ಕೇಳಿದರೆ ತಂತ್ರಾಂಶದವರನ್ನು ಸಂಪರ್ಕಿಸಿರೆಂಬ ಉತ್ತರ ಬರುತ್ತದೆ. ಇವರಿಬ್ಬರ ನಡುವಣ ಹಗ್ಗಜಗ್ಗಾಟದಲ್ಲಿ ಲಾರಿಯ ಬಾಡಿಗೆ ಏರುತ್ತ ಹೋಗುವುದು ಮಾತ್ರ ವರ್ತಕನ ಪಾಲಿಗೆ.

ದೋಷ ಯಾರ ಕಡೆಯದೆಂಬುದನ್ನು ವರ್ತಕನೇ, ಅಥವಾ ಆತನ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನೇ, ಕೆಲವೇ ನಿಮಿಷಗಳಲ್ಲಿ ಕಂಡುಕೊಳ್ಳಲು ಸಾಧ್ಯವೇ? ಸಾಧ್ಯವಿದೆ. ಅದಕ್ಕೆ ಬೇಕಾದ ಪರಿಕರವು ಉಚಿತವಾಗಿ ದೊರೆಯುತ್ತದೆ, ಮತ್ತು ಅದು ತೀರ ಹಗುರವಾದುದು.

ಎಪಿಐ ಎಂದರೇನು?

ಅಡತಿ ಅಂಗಡಿಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಹುಡುಗನ ಕೈಯಲ್ಲಿ ಚೀಟಿ ಹೋಗುತ್ತದೆ. ಚೀಟಿಯಲ್ಲಿ ಯಾರಿಗೆ, ಯಾರಿಂದ, ಏನು ಬೇಕು ಎಂಬುದು ಗೊತ್ತಾದ ಕ್ರಮದಲ್ಲಿ ಬರೆದಿರುತ್ತದೆ. ಆ ಅಂಗಡಿಯವರು ಅದನ್ನು ನೋಡಿ ಸರಕನ್ನೋ ಉತ್ತರವನ್ನೋ ಕೊಟ್ಟು ಕಳುಹಿಸುತ್ತಾರೆ. ಎರಡು ಗಣಕಯಂತ್ರಗಳು ಅಂತರ್ಜಾಲದ ಮೂಲಕ ಇದೇ ಬಗೆಯಲ್ಲಿ ಚೀಟಿ-ಉತ್ತರ ನಡೆಸಲು ಮೊದಲೇ ನಿಗದಿಪಡಿಸಿಕೊಂಡ ಕ್ರಮಕ್ಕೆ ಅಪ್ಲಿಕೇಶನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್, ಅಂದರೆ ಎಪಿಐ ಎಂದು ಹೆಸರು. ನಮ್ಮ ಬಿಲ್ಲಿನ ತಂತ್ರಾಂಶವು ಇನ್‌ವಾಯ್ಸಿನ ವಿವರವನ್ನು ಕಳುಹಿಸುತ್ತದೆ. ನೋಂದಣಿ ಪೋರ್ಟಲ್ಲು ಅದನ್ನು ತಾಳೆ ನೋಡಿ 64 ಅಕ್ಷರಗಳ ನೋಂದಣಿ ಸಂಖ್ಯೆಯನ್ನೂ ಕ್ಯೂಆರ್ ಸಂಕೇತವನ್ನೂ ಮರಳಿಸುತ್ತದೆ, ಇಲ್ಲವೇ ತಿರಸ್ಕರಿಸಿ ಕಾರಣದ ಸಂಖ್ಯೆಯನ್ನು ನೀಡುತ್ತದೆ. ಬ್ಯಾಂಕಿನ ಪಾವತಿ, ಕೊರಿಯರ್ ಕಂಪನಿಯ ಸರಕಿನ ಜಾಡು, ಅಂತರ್ಜಾಲ ಮಾರಾಟ ತಾಣಗಳ ಆರ್ಡರು, ಎಲ್ಲವೂ ಇದೇ ಮಾದರಿಯಲ್ಲಿ ನಡೆಯುತ್ತವೆ.

ತಂತ್ರಾಂಶದೊಳಗೆ ಈ ಚೀಟಿಯು ನಮ್ಮ ಕಣ್ಣಿಗೆ ಬೀಳುವುದಿಲ್ಲ. ‘ದೋಷ ಸಂಭವಿಸಿದೆ’ ಎಂಬ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ, ಅಷ್ಟೆ. ಎಪಿಐ ಪರೀಕ್ಷೆ ಎಂದರೆ ಅದೇ ಚೀಟಿಯನ್ನು ತಂತ್ರಾಂಶದ ಹಂಗಿಲ್ಲದೆ ನಾವೇ ಕೈಯಾರೆ ಬರೆದು ಕಳುಹಿಸಿ, ಬಂದ ಉತ್ತರವನ್ನು ಇದ್ದಂತೆಯೇ ಓದುವುದು. ನಮ್ಮ ಕೈಚೀಟಿಗೆ ಸರಿಯಾದ ಉತ್ತರ ಬಂದು ತಂತ್ರಾಂಶದ ಚೀಟಿಗೆ ಬಾರದಿದ್ದರೆ ದೋಷವು ತಂತ್ರಾಂಶದಲ್ಲಿದೆ. ಎರಡಕ್ಕೂ ಉತ್ತರವೇ ಬಾರದಿದ್ದರೆ ನಮ್ಮ ಅಂತರ್ಜಾಲ ಸಂಪರ್ಕವನ್ನೊಮ್ಮೆ ನೋಡಿಕೊಂಡು, ಅದು ಸರಿಯಿದ್ದಲ್ಲಿ ಆಚೆ ಕಡೆಯವರನ್ನು ಕೇಳಬೇಕು. ಹಗ್ಗಜಗ್ಗಾಟವು ಅಲ್ಲಿಗೆ ಮುಗಿಯಿತು.

ಒಂದು ಕಡತ, ಹಲವು ಚೀಟಿ

ಮೈಕ್ರೋಸಾಫ್ಟ್ ಕಂಪನಿಯು 2015ರಲ್ಲಿ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಉಚಿತ ಬರವಣಿಗೆ-ತಂತ್ರಾಂಶವನ್ನು ಹೊರತಂದಿತು. ಇದು ಪ್ರೋಗ್ರಾಮು ಬರೆಯುವವರ ಸಾಧನ. ಇಂಜಿನಿಯರಿಂಗ್ ಓದುವ ಹುಡುಗ-ಹುಡುಗಿಯರ ಗಣಕಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಕಾಣಸಿಗುತ್ತದೆ. ಇದಕ್ಕೆ ಹೊರಗಿನವರು ರಚಿಸಿದ ಸಣ್ಣ ಸೇರ್ಪಡೆಗಳನ್ನು ಕೂಡಿಸಿಕೊಳ್ಳಬಹುದು. ಅವುಗಳಲ್ಲೊಂದು ಹುವಾಚಾವ್ ಮಾವೋ ಎಂಬುವರು ರಚಿಸಿದ ‘ರೆಸ್ಟ್ ಕ್ಲೈಂಟ್’. ಇದನ್ನು ಹಾಕಿಕೊಂಡ ಮೇಲೆ, ‘ಎಚ್‌ಟಿಟಿಪಿ’ ಎಂಬ ಬಾಲದ ಹೆಸರಿರುವ ಸಾದಾ ಪಠ್ಯ ಕಡತವೊಂದನ್ನು ತೆರೆದು ಚೀಟಿ ಬರೆಯಬಹುದು.

ಚೀಟಿಯ ರೂಪ ಇಷ್ಟೆ. ಮೊದಲ ಸಾಲಿನಲ್ಲಿ ಕೇಳುವುದಾದರೆ ‘ಗೆಟ್’, ಕೊಡುವುದಾದರೆ ‘ಪೋಸ್ಟ್’ ಎಂಬ ಪದ, ಅದರ ಮುಂದೆ ವಿಳಾಸ. ಕೆಳಗಿನ ಸಾಲುಗಳಲ್ಲಿ ನಾವು ಯಾರೆಂಬುದರ ಗುರುತು. ನಂತರ ಒಂದು ಖಾಲಿ ಸಾಲು ಬಿಟ್ಟು ಬಿಲ್ಲಿನ ವಿವರ. ಇನ್ನೊಂದು ಚೀಟಿ ಬೇಕಾದರೆ ಮೂರು ಹ್ಯಾಶ್ ಗುರುತುಗಳ ಗೆರೆ ಎಳೆದು ಕೆಳಗೆ ಬರೆಯುತ್ತ ಹೋಗಬಹುದು. ಪ್ರತಿ ಚೀಟಿಯ ತಲೆಯ ಮೇಲೆ ‘ಕಳುಹಿಸು’ ಎಂಬ ಅರ್ಥದ ಸಣ್ಣ ಇಂಗ್ಲಿಷ್ ಕೊಂಡಿ ತಾನಾಗಿ ಮೂಡುತ್ತದೆ. ಒತ್ತಿದೊಡನೆ ಪಕ್ಕದ ಅರೆಯಲ್ಲಿ ಉತ್ತರ ಕಾಣಿಸುತ್ತದೆ. ಪದೇ ಪದೇ ಬರುವ ವಿಳಾಸ, ಜಿಎಸ್‌ಟಿ ಸಂಖ್ಯೆ ಮುಂತಾದುವನ್ನು ಕಡತದ ಮೇಲ್ಭಾಗದಲ್ಲಿ ಒಮ್ಮೆ ಬರೆದು, ಕೆಳಗೆಲ್ಲ ಅದರ ಹೆಸರನ್ನಷ್ಟೇ ಬಳಸಬಹುದು.

ಚೀಟಿಗಳೆಲ್ಲವೂ ಓದಬಲ್ಲ ಪಠ್ಯವಾಗಿರುವುದೇ ಇದರ ನಿಜವಾದ ಬೆಲೆ. ಗಾತ್ರವು ತೀರ ಸಣ್ಣದಾದ್ದರಿಂದ ತುಳಸಿಗೇರಿಯಲ್ಲಿ ಕುಳಿತು ಹುಬ್ಬಳ್ಳಿಯ ತಂತ್ರಾಂಶದವನಿಗೆ ಇ-ಮೇಲಿನಲ್ಲಿ ಕಳುಹಿಸಿ, ‘ಇದನ್ನು ನಿಮ್ಮಲ್ಲಿ ಒತ್ತಿ ನೋಡಿರಿ’ ಎನ್ನಬಹುದು. ನಾಳೆ ಆ ಸೇರ್ಪಡೆಯೇ ನಿಂತುಹೋದರೂ ಕಡತವು ನಿಷ್ಪ್ರಯೋಜಕವಾಗದು. ಜೆಟ್‌ಬ್ರೇನ್ಸ್ ಕಂಪನಿಯ ಸಾಧನಗಳೂ ಮೈಕ್ರೋಸಾಫ್ಟಿನ ದೊಡ್ಡ ವಿಷುಯಲ್ ಸ್ಟುಡಿಯೋ ಕೂಡ ಇದೇ ಬಗೆಯ ಕಡತವನ್ನು ಓದುತ್ತವೆ. ಒಂದೊಂದರ ಬರವಣಿಗೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ, ತಿದ್ದಿಕೊಳ್ಳಬೇಕಾಗುತ್ತದೆ. ಆದರೂ ಕೊನೆಗೆ ಉಳಿಯುವುದು ಯಾವ ಕಂಪನಿಯ ಬೀಗವೂ ಇಲ್ಲದ ನಮ್ಮದೇ ಬರಹ.

ಏನನ್ನು ಪರೀಕ್ಷಿಸಬೇಕು?

ಇ-ಇನ್‌ವಾಯ್ಸಿನ ಎಪಿಐಗೆ ರಾಷ್ಟ್ರೀಯ ಮಾಹಿತಿ ಕೇಂದ್ರವು ಪ್ರಯೋಗ ದ್ವಾರವೊಂದನ್ನು ಪ್ರತ್ಯೇಕವಾಗಿ ಇಟ್ಟಿದೆ. ಇದಕ್ಕೆ ಸ್ಯಾಂಡ್‌ಬಾಕ್ಸ್ ಎಂದು ಹೆಸರು. ಅಲ್ಲಿ ಕಳುಹಿಸಿದ ಬಿಲ್ಲು ಬಿಲ್ಲಲ್ಲ, ತೆರಿಗೆಯ ಲೆಕ್ಕಕ್ಕೆ ಸೇರುವುದಿಲ್ಲ. ಪರೀಕ್ಷೆಯು ನಡೆಯಬೇಕಾದದ್ದು ಇಲ್ಲಿಯೇ. ಅಸಲು ಪೋರ್ಟಲ್ಲಿನಲ್ಲಿ ನೋಂದಾಯಿಸಿದ್ದು ಅಸಲು ಬಿಲ್ಲೇ ಆಗುತ್ತದೆ. ಅದನ್ನು 24 ಗಂಟೆಯೊಳಗೆ ರದ್ದುಪಡಿಸಬಹುದಾದರೂ ಆ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ.

ಇಲ್ಲಿ ಒಂದು ತೊಡಕನ್ನು ಮೊದಲೇ ಹೇಳಿಬಿಡುವುದು ಒಳಿತು. ಮಾಹಿತಿ ಕೇಂದ್ರದ ದ್ವಾರಕ್ಕೆ ನೇರವಾಗಿ ಹೋಗುವ ಚೀಟಿಯನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸಬೇಕು. ಅದು ರೆಸ್ಟ್ ಕ್ಲೈಂಟಿನಂಥ ಹಗುರ ಸೇರ್ಪಡೆಯ ಕೆಲಸವಲ್ಲ. ಆದರೆ ಸಣ್ಣ ವಹಿವಾಟಿನವರು ಸಾಮಾನ್ಯವಾಗಿ ಜಿಎಸ್‌ಟಿ ಸುವಿಧಾ ಪ್ರೊವೈಡರ್ ಎಂಬ ಮಧ್ಯವರ್ತಿ ಸಂಸ್ಥೆಗಳ ಮೂಲಕವೇ ಹೋಗುತ್ತಾರೆ. ಅಂತಹ ಸೇವೆಗಳಲ್ಲಿ ಹಲವು ಸಾದಾ ಬರಹದ ಬಿಲ್ಲನ್ನು ಸ್ವೀಕರಿಸಿ ಗೂಢಲಿಪಿಯ ಕೆಲಸವನ್ನು ತಾವೇ ಮಾಡುತ್ತವೆ. ತಮ್ಮ ಸೇವೆಯು ಯಾವ ಬಗೆಯದೆಂದು ಸದಸ್ಯರು ಕೇಳಿ ತಿಳಿದುಕೊಳ್ಳಬೇಕು. ಪ್ರಯೋಗ ದ್ವಾರದ ವಿಳಾಸವನ್ನೂ ಕೇಳಿ ಪಡೆಯಬೇಕು.

ಇನ್ನು ಚೀಟಿಗಳ ವಿಷಯ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರನ್ನು ಊಹಿಸಿಕೊಳ್ಳೋಣ. ಅವರ ಮಾಲು ಬೆಂಗಳೂರಿಗೂ ಹೋಗುತ್ತದೆ, ಸೊಲ್ಲಾಪುರಕ್ಕೂ ಹೋಗುತ್ತದೆ. ಬೆಂಗಳೂರಿನ ಬಿಲ್ಲಿನಲ್ಲಿ ಪೂರೈಕೆಯ ಸ್ಥಳ 29, ತೆರಿಗೆಯು ಕೇಂದ್ರ ಮತ್ತು ರಾಜ್ಯದ ಎರಡು ಪಾಲು. ಸೊಲ್ಲಾಪುರದ ಬಿಲ್ಲಿನಲ್ಲಿ ಸ್ಥಳ 27, ತೆರಿಗೆಯು ಒಟ್ಟಾಗಿ ಐಜಿಎಸ್‌ಟಿ. ಇವೆರಡಕ್ಕೂ ಒಂದೊಂದು ಚೀಟಿ ಬೇಕು. ಮೂರನೆಯದನ್ನು ಬೇಕೆಂದೇ ತಪ್ಪಾಗಿ ಬರೆಯಬೇಕು: ಸ್ಥಳ 27 ಇಟ್ಟು ತೆರಿಗೆಯನ್ನು ಎರಡು ಪಾಲು ಮಾಡಬೇಕು. ಇದು ತಿರಸ್ಕೃತವಾಗಬೇಕು. ತಿರಸ್ಕಾರವಾದಾಗ ಪರೀಕ್ಷೆಯು ಯಶಸ್ವಿಯಾಯಿತೆಂದು ಅರ್ಥ! ಪ್ರೋಗ್ರಾಮಿನವರು ಹಲವೊಮ್ಮೆ ಸರಿಯಾದ ಬಿಲ್ಲನ್ನಷ್ಟೇ ಪರೀಕ್ಷಿಸಿ ಕೈತೊಳೆದುಕೊಳ್ಳುತ್ತಾರೆ. ವರ್ತಕನಿಗೆ ಉಪಯೋಗವಾಗುವುದು ತಪ್ಪು ಬಿಲ್ಲಿನ ಪರೀಕ್ಷೆ. ಏಕೆಂದರೆ ಸಂಜೆ ಆರು ಗಂಟೆಗೆ ಲಾರಿಯ ಮುಂದೆ ಬರುವುದು ಅಂತಹ ಬಿಲ್ಲೇ.

ಹಾಗೆಯೇ ಒಂದೇ ಸಂಖ್ಯೆಯ ಬಿಲ್ಲನ್ನು ಎರಡು ಬಾರಿ ಕಳುಹಿಸಿ ನೋಡಬೇಕು. ಎರಡನೆಯ ಬಾರಿಗೆ 2150 ಎಂಬ ದೋಷಸಂಖ್ಯೆ ಬರಬೇಕು. ನೋಂದಣಿಯು ಈಗಾಗಲೇ ಆಗಿದೆಯೆಂದು ಅದರ ಅರ್ಥ. ಸಂಪರ್ಕವು ನಡುವೆ ಕಡಿದು ಹೋದಾಗ ಮೊದಲ ಉತ್ತರವು ನಮಗೆ ತಲುಪದೆ, ತಂತ್ರಾಂಶವು ಅದೇ ಬಿಲ್ಲನ್ನು ಮತ್ತೆ ಕಳುಹಿಸಿ ಈ ಸಂಖ್ಯೆಯನ್ನು ಪಡೆಯುವುದುಂಟು. ಇದನ್ನು ಅರಿಯದೆ ಗುಮಾಸ್ತರು ಹೊಸ ಸಂಖ್ಯೆಯ ಬಿಲ್ಲು ಮಾಡಿದರೆ ಒಂದೇ ಸರಕಿಗೆ ಎರಡು ಬಿಲ್ಲು, ಎರಡು ತೆರಿಗೆಯ ಹೊರೆ. ಬಿಲ್ಲಿನ ಸಂಖ್ಯೆಯು 16 ಅಕ್ಷರ ಮೀರಬಾರದು, ಸೊನ್ನೆಯಿಂದ ಆರಂಭವಾಗಬಾರದು ಎಂಬ ನಿಯಮಗಳಿಗೂ ಒಂದೊಂದು ಚೀಟಿ ಇರಲಿ. 2025ರ ಜೂನ್ 1ರಿಂದ ಇಂಗ್ಲಿಷಿನ ಸಣ್ಣಕ್ಷರ-ದೊಡ್ಡಕ್ಷರಗಳನ್ನು ಪೋರ್ಟಲ್ಲು ಒಂದೇ ಎಂದು ಎಣಿಸುತ್ತಿದೆ. ಅವೆರಡನ್ನೂ ಬೇರೆ ಬೇರೆ ಸರಣಿಗಳಾಗಿ ಬಳಸುತ್ತಿದ್ದವರಿಗೆ ಇದು ಮುಖ್ಯ.

ದರ ಬದಲಾದ ದಿನಗಳಲ್ಲಿ ಈ ಕಡತದ ಉಪಯೋಗ ಎದ್ದು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ, ಗ್ರಾನೈಟ್ ದಿಮ್ಮಿಯದು ಶೇ. 12ರಿಂದ 5ಕ್ಕೆ ಇಳಿಯಿತು. ಹೊಳಪು ಕೊಟ್ಟ ಚಪ್ಪಡಿಯದು ಶೇ. 18ರಲ್ಲಿಯೇ ಉಳಿಯಿತು. ಬಾಗಲಕೋಟೆ ಮತ್ತು ಇಳಕಲ್ಲಿನ ವ್ಯಾಪಾರಕ್ಕೆ ಇದಕ್ಕಿಂತ ಹತ್ತಿರದ ಬದಲಾವಣೆ ಮತ್ತಾವುದು? ಒಂದೇ ಅಂಗಳದಿಂದ ದಿಮ್ಮಿಯನ್ನೂ ಚಪ್ಪಡಿಯನ್ನೂ ಕಳುಹಿಸುವವರ ತಂತ್ರಾಂಶವು ಎರಡಕ್ಕೂ ಒಂದೇ ದರ ಹಾಕಿತೋ ಹೇಗೆಂದು ನೋಡಲು, ಹಳೆಯ ಚೀಟಿಯಲ್ಲಿ ದರದ ಅಂಕಿಯನ್ನು ತಿದ್ದಿ ತಂತ್ರಾಂಶವು ಕಳುಹಿಸುವುದರೊಡನೆ ತಾಳೆ ನೋಡಿದರಾಯಿತು. ಪೋರ್ಟಲ್ಲು ಗುಣಾಕಾರವನ್ನು ಪರಿಶೀಲಿಸುತ್ತದೆ, ನಿಜ. ಆದರೆ ಯಾವ ಸರಕಿಗೆ ಯಾವ ದರವೆಂಬ ಹೊಣೆಯು ವರ್ತಕನದೇ ಎಂಬುದನ್ನು ಮರೆಯಬಾರದು.

ಉತ್ತರವನ್ನು ಓದುವಾಗ ಒಂದು ಎಚ್ಚರಿಕೆ. ಸಾಮಾನ್ಯವಾಗಿ 200 ಎಂದರೆ ಚೀಟಿ ತಲುಪಿ ಉತ್ತರ ಬಂದಿದೆ, 401 ಎಂದರೆ ನಮ್ಮ ಗುರುತು ಒಪ್ಪಿಗೆಯಾಗಿಲ್ಲ, 404 ಎಂದರೆ ವಿಳಾಸ ತಪ್ಪು, 500 ಮತ್ತು ಅದರ ಮೇಲಿನವು ಆಚೆ ಕಡೆಯ ತೊಂದರೆ. ಆದರೆ ಇ-ಇನ್‌ವಾಯ್ಸಿನಲ್ಲಿ ಲಕೋಟೆಯ ಮೇಲೆ 200 ಎಂದಿದ್ದರೂ ಒಳಗಿನ ಕಾಗದದಲ್ಲಿ ತಿರಸ್ಕಾರವಿರುವುದುಂಟು. ಲಕೋಟೆ ನೋಡಿ ಸಂತೋಷಪಡದೆ ಒಳಗಿನದನ್ನು ಓದಬೇಕು.

ಬೆಂಗಳೂರಿನಲ್ಲಿ ಹುಟ್ಟಿದ ಎರಡು ದಾರಿ

ಎಪಿಐ ಪರೀಕ್ಷೆಯ ಪರಿಕರಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಸಣ್ಣದಲ್ಲದ ಸ್ಥಾನವಿದೆ. ಇಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿರುವ ‘ಪೋಸ್ಟ್‌ಮನ್’ ಅನ್ನು ಅಭಿನವ್ ಆಸ್ಥಾನಾ ಅವರು 2012ರಲ್ಲಿ ಕ್ರೋಮ್ ಬ್ರೌಸರಿನ ಸಣ್ಣ ಸೇರ್ಪಡೆಯಾಗಿ ಬಿಡುವಿನ ವೇಳೆಯಲ್ಲಿ ರಚಿಸಿದರು. 2014ರಲ್ಲಿ ಅಂಕಿತ್ ಸೋಬ್ತಿ ಮತ್ತು ಅಭಿಜಿತ್ ಕಾಣೆ ಅವರೊಡಗೂಡಿ ಬೆಂಗಳೂರಿನಲ್ಲಿ ಕಂಪನಿಯನ್ನು ಸ್ಥಾಪಿಸಿದರು. ಪ್ರಧಾನ ಕಚೇರಿಯು ಮುಂದೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಹಗುರ ಸೇರ್ಪಡೆಯಾಗಿದ್ದದ್ದು ದೊಡ್ಡ ವೇದಿಕೆಯಾಗಿ ಬೆಳೆದು, ಚೀಟಿಗಳ ಸಂಗ್ರಹವು ಬಳಕೆದಾರನ ಗಣಕಯಂತ್ರದಿಂದ ಕಂಪನಿಯ ಕ್ಲೌಡ್ ಉಗ್ರಾಣಕ್ಕೆ ಸರಿಯಿತು. ಖಾತೆ ತೆರೆಯದೆಯೇ ತನ್ನ ಯಂತ್ರದಲ್ಲಿ ಸಂಗ್ರಹವನ್ನು ಇಟ್ಟುಕೊಳ್ಳುವ ‘ಸ್ಕ್ರ್ಯಾಚ್ ಪ್ಯಾಡ್’ ಸೌಲಭ್ಯವನ್ನು 2023ರಲ್ಲಿ ಹಿಂತೆಗೆದುಕೊಳ್ಳಲಾಯಿತು. ದೊಡ್ಡ ತಂಡಗಳಿಗೆ ಕ್ಲೌಡ್ ಸಂಗ್ರಹವು ಅನುಕೂಲವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಬ್ಬರು ಗುಮಾಸ್ತರಿರುವ ಅಂಗಡಿಗೆ ತನ್ನ ಚೀಟಿಗಳನ್ನು ಪರರ ಉಗ್ರಾಣದಲ್ಲಿಡುವ ಅವಶ್ಯಕತೆ ಏನಿದೆ?

ಇದೇ ಪ್ರಶ್ನೆಯಿಂದ ಹುಟ್ಟಿದ್ದು ‘ಬ್ರೂನೋ’. ಇದನ್ನು ಆರಂಭಿಸಿದ ಅನೂಪ್ ಎಂ.ಡಿ. ಅವರೂ ಬೆಂಗಳೂರಿನವರೇ. 2023ರಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಫಾಸ್ ಸಮ್ಮೇಳನದಲ್ಲಿ ಇದನ್ನು ಪರಿಚಯಿಸುವ ಭಾಷಣವೂ ನಡೆಯಿತು. ಮುಕ್ತ ಮೂಲದ ಈ ಪರಿಕರವು ಪ್ರತಿ ಚೀಟಿಯನ್ನೂ ಒಂದೊಂದು ಪಠ್ಯ ಕಡತವಾಗಿ ನಮ್ಮ ಫೋಲ್ಡರಿನಲ್ಲಿಯೇ ಇಡುತ್ತದೆ, ಕ್ಲೌಡಿಗೆ ಒಯ್ಯುವುದಿಲ್ಲ. ಇದು ಪ್ರತ್ಯೇಕ ತಂತ್ರಾಂಶವಾದ್ದರಿಂದ ರೆಸ್ಟ್ ಕ್ಲೈಂಟಿಗಿಂತ ತುಸು ಭಾರವೆನ್ನಬಹುದು. ಆದರೆ ‘ಉತ್ತರದಲ್ಲಿ ಇಂಥದ್ದು ಇರಲೇಬೇಕು’ ಎಂದು ಮೊದಲೇ ಬರೆದಿಟ್ಟು, ಸರಿ-ತಪ್ಪನ್ನು ಯಂತ್ರವೇ ಹೇಳುವಂತೆ ಮಾಡಬಹುದು. ರೆಸ್ಟ್ ಕ್ಲೈಂಟಿನಲ್ಲಿ ಆ ಅನುಕೂಲವಿಲ್ಲ, ಉತ್ತರವನ್ನು ನಮ್ಮ ಕಣ್ಣಿನಿಂದಲೇ ನೋಡಬೇಕು. ಹತ್ತು ಹದಿನೈದು ಚೀಟಿಗಳಿರುವವರಿಗೆ ಕಣ್ಣೇ ಸಾಕೆಂದು ನನ್ನ ಅಭಿಪ್ರಾಯ.

ಪಠ್ಯ ಕಡತಗಳಾದ್ದರಿಂದ ಗಿಟ್ ಎಂಬ ವ್ಯವಸ್ಥೆಯನ್ನೂ ಇದಕ್ಕೆ ಜೋಡಿಸಬಹುದು. ಲೈನಕ್ಸ್ ಖ್ಯಾತಿಯ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್, ಯಾವ ಸಾಲನ್ನು ಯಾರು, ಯಾವ ದಿನ ತಿದ್ದಿದರೆಂಬುದನ್ನು ದಾಖಲಿಸುತ್ತದೆ. ಪುಟಸಂಖ್ಯೆ ಹಾಕಿದ ಕಿರ್ದಿ ಪುಸ್ತಕದಿಂದ ಹಾಳೆ ಹರಿದರೆ ಗೊತ್ತಾಗುವಂತೆ ಇಲ್ಲಿಯೂ ಗೊತ್ತಾಗುತ್ತದೆ.

ಬೀಗದ ಕೈ ಚೀಟಿಯಲ್ಲಿ ಬೇಡ

ಈ ಪರಿಕರಗಳಲ್ಲಿ ಅಪಾಯವೂ ಇದೆ. ಚೀಟಿಯ ಜೊತೆ ನಮ್ಮ ಗುಪ್ತಪದ, ಕೀಲಿಸಂಖ್ಯೆಗಳು ಹೋಗುತ್ತವೆ. ಬೆಂಗಳೂರಿನ ಗಣಕ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ 2024ರ ಡಿಸೆಂಬರ್‌ನಲ್ಲಿ ನೀಡಿದ ವರದಿಯಂತೆ, ಪೋಸ್ಟ್‌ಮನ್‌ನಲ್ಲಿ ಸಾರ್ವಜನಿಕವಾಗಿ ತೆರೆದುಕೊಂಡಿದ್ದ 30,000ಕ್ಕೂ ಹೆಚ್ಚು ಸಂಗ್ರಹಸ್ಥಾನಗಳಿಂದ ಕೀಲಿಸಂಖ್ಯೆ ಮೊದಲಾದ ಗುಪ್ತ ವಿವರಗಳು ಸೋರಿಹೋಗುತ್ತಿದ್ದವು. ಇದು ಪರಿಕರದ ದೋಷಕ್ಕಿಂತ ಬಳಸಿದವರ ಅಜಾಗರೂಕತೆಯೇ ಸರಿ. ಕಡತವು ನಮ್ಮ ಯಂತ್ರದಲ್ಲಿಯೇ ಇದ್ದ ಮಾತ್ರಕ್ಕೆ ನಾವು ಸುರಕ್ಷಿತರೆಂದು ತಿಳಿಯುವುದೂ ತಪ್ಪು. ಕೀಲಿಸಂಖ್ಯೆಯನ್ನು ಕಡತದಲ್ಲಿ ಬರೆದು ಅದನ್ನೇ ಇ-ಮೇಲಿನಲ್ಲಿ ಕಳುಹಿಸಿದರೆ ತಿಜೋರಿಯ ಕೈಯನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟಂತೆ. ರೆಸ್ಟ್ ಕ್ಲೈಂಟ್, ಬ್ರೂನೋ ಎರಡರಲ್ಲಿಯೂ ಗುಪ್ತ ವಿವರಗಳನ್ನು ಬೇರೊಂದು ಕಡತದಲ್ಲಿಟ್ಟು, ಚೀಟಿಯಲ್ಲಿ ಅದರ ಹೆಸರನ್ನಷ್ಟೇ ಬರೆಯುವ ಏರ್ಪಾಡಿದೆ. ಆ ಇನ್ನೊಂದು ಕಡತವನ್ನು ಯಾರಿಗೂ ಕಳುಹಿಸಬಾರದು, ಗಿಟ್‌ಗೂ ಸೇರಿಸಬಾರದು. ಸೇರ್ಪಡೆಯನ್ನು ಹಾಕಿಕೊಳ್ಳುವಾಗ ಪ್ರಕಾಶಕರ ಹೆಸರನ್ನು ನೋಡಿಯೇ ಹಾಕಿಕೊಳ್ಳಬೇಕು. ಒಂದೇ ಬಗೆಯ ಹೆಸರಿನ ಹಲವು ಸೇರ್ಪಡೆಗಳು ಅಲ್ಲಿ ಕಾಣಸಿಗುತ್ತವೆ.

ಉಚಿತವೆಂಬ ಮಾತಿನ ಷರತ್ತನ್ನೂ ಓದಬೇಕು. ಇದೇ ವರ್ಗದ ‘ಥಂಡರ್ ಕ್ಲೈಂಟ್’ ಎಂಬ ಜನಪ್ರಿಯ ಸೇರ್ಪಡೆಯು ಉಚಿತವಾಗಿ ಆರಂಭವಾಗಿ, ಮುಂದೆ ಕೆಲವು ಸೌಲಭ್ಯಗಳಿಗೆ ಶುಲ್ಕ ವಿಧಿಸಿತು. ಪರಿಶ್ರಮಕ್ಕೆ ಬೆಲೆ ಕೇಳುವುದು ಅನ್ಯಾಯವೇನಲ್ಲ, ನಾವೂ ವ್ಯಾಪಾರಿಗಳೇ. ಚೀಟಿಗಳು ಸಾದಾ ಪಠ್ಯದಲ್ಲಿದ್ದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಇರುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಯಾರಿಗೆ ಬೇಕು, ಯಾರಿಗೆ ಬೇಡ

ತಿಂಗಳಿಗೆ ಹತ್ತಿಪ್ಪತ್ತು ಬಿಲ್ಲುಗಳನ್ನು ಪೋರ್ಟಲ್ಲಿನಲ್ಲಿ ಕೈಯಿಂದಲೇ ತುಂಬುವವರಿಗೆ ಇದಾವುದೂ ಬೇಕಿಲ್ಲ. 5 ಕೋಟಿ ವಹಿವಾಟು ಮುಟ್ಟದವರಿಗೆ ಇ-ಇನ್‌ವಾಯ್ಸೇ ಕಡ್ಡಾಯವಲ್ಲ. ಆದರೆ ಬಿಲ್ಲಿನ ತಂತ್ರಾಂಶವನ್ನು ಪೋರ್ಟಲ್ಲಿಗೋ ಬ್ಯಾಂಕಿಗೋ ಮಾರಾಟ ತಾಣಕ್ಕೋ ಜೋಡಿಸಿಕೊಂಡವರು, ಮಾಲೀಕರೇ ಚೀಟಿ ಬರೆಯಲು ಕುಳಿತುಕೊಳ್ಳಬೇಕಾಗಿಲ್ಲದಿದ್ದರೂ, ಅದನ್ನು ಬರೆಸಿ ಇಟ್ಟುಕೊಳ್ಳಲೇಬೇಕು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಗಳಲ್ಲಿ ಗಣಕ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗೆ ಇದು ಕಷ್ಟದ ಕೆಲಸವಲ್ಲ.

ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಒಂದು ಕಲಮನ್ನು ಸೇರಿಸಲು ಸದಸ್ಯರು ಕೇಳಬಹುದು: ಜೋಡಣೆಯ ಪ್ರತಿಯೊಂದು ಎಪಿಐಗೂ ಪರೀಕ್ಷಾ ಚೀಟಿಗಳನ್ನು ಸಾದಾ ಪಠ್ಯ ಕಡತದಲ್ಲಿ, ಪ್ರಯೋಗ ದ್ವಾರದ ವಿಳಾಸದೊಂದಿಗೆ ಒಪ್ಪಿಸತಕ್ಕದ್ದು, ನಿಯಮ ಅಥವಾ ದರ ಬದಲಾದಾಗ ತಿದ್ದಿದ ಕಡತವನ್ನು ಕೊಡತಕ್ಕದ್ದು. ಕೆಲಸ ಸರಿಯಾಗಿ ಮಾಡಿದವರ ಬಳಿ ಈ ಚೀಟಿಗಳು ಹೇಗೂ ಇದ್ದೇ ಇರುತ್ತವೆ, ಕೊಡಲು ಅವರಿಗೆ ಹೆಚ್ಚಿನ ಖರ್ಚಿಲ್ಲ. ಕೊಡಲು ಹಿಂಜರಿದರೆ, ಪರೀಕ್ಷೆ ನಡೆದಿದೆಯೇ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಬಹುದು. ಕೀಲಿಸಂಖ್ಯೆಗಳು ಮಾತ್ರ ಮಾಲೀಕರ ಹೆಸರಿನಲ್ಲಿಯೇ ಇರಬೇಕು. ಅವುಗಳನ್ನು ಬಲ್ಲ ನೌಕರರು ಕೆಲಸ ಬಿಟ್ಟ ದಿನವೇ ಬದಲಾಯಿಸಬೇಕು.